ಭಾನುವಾರ ಬೆಳಗಿನ ದೋಸೆ: ಕೆಲಸದ ಜಾಗದಲ್ಲಿ ಕಲಿಕೆ ಕೈಕೊಟ್ಟ ಒಂದು ಪ್ರಕರಣ

ದೂರು

ದೂರು ಚಿಕ್ಕದು. ಮಧ್ಯಾಹ್ನ ಮೂರು ಗಂಟೆಗೆ ಸೊಗಸಾಗಿ ಏಳುವ ದೋಸೆ, ಅದೇ ಹುಡುಗರ ಕೈಯಲ್ಲಿ, ಅದೇ ಹಿಟ್ಟಿನಲ್ಲಿ, ಅದೇ ಕಾವಲಿಯ ಮೇಲೆ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಏಕೆ ಹರಿಯುತ್ತದೆ? ದಕ್ಷಿಣ ಬೆಂಗಳೂರಿನ ದರ್ಶಿನಿಯೊಂದರ ಮಾಲೀಕರು ಈ ಪ್ರಶ್ನೆ ಹಿಡಿದುಕೊಂಡು ಬಂದಾಗ ಅವರಿಗೆ ಬೇಕಾಗಿದ್ದದ್ದು ಹುಡುಗರನ್ನು ಕೂರಿಸಿ ಹುರಿದುಂಬಿಸುವ ಒಂದು ಉಪನ್ಯಾಸ. ಆ ವಿದ್ಯೆ ನನಗೆ ಬಾರದು. ದುಡಿಯುವ ಜಾಗಗಳಲ್ಲಿ ಜನ ಹೇಗೆ ಕಲಿಯುತ್ತಾರೆ, ಕಲಿತದ್ದು ಯಾವಾಗ ಕೈಕೊಡುತ್ತದೆ ಎಂಬುದನ್ನು ಮೂಲೆಯಲ್ಲಿ ನಿಂತು ನೋಡಿ ಬರೆದುಕೊಡುವುದಷ್ಟೇ ನನ್ನ ಕಸುಬು. ಹಾಗೆ ನೋಡಿದ್ದನ್ನು ಅವರ ಒಪ್ಪಿಗೆಯ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಳೆಯ ಅಂಗಡಿ ಬಸವನಗುಡಿಯ ಕಡೆಗಿದೆ. ಅಲ್ಲಿ ಕಾವಲಿಯ ಮುಂದೆ ನಿಲ್ಲುವವರು ಕುಂದಾಪುರದ ಕಡೆಯ ಭಟ್ಟರು. ಲೋಟ ತೊಳೆಯುವುದರಿಂದ ಶುರುಮಾಡಿದವರು, ಈಗ ಐವತ್ತು ದಾಟಿದ್ದಾರೆ. ಹೊಸ ಶಾಖೆ ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳ ನಡುವೆ ಇದೆ. ದೂರು ಇದ್ದದ್ದು ಈ ಶಾಖೆಯ ಬಗ್ಗೆ. ಎರಡಕ್ಕೂ ಹಿಟ್ಟು ಒಂದೇ ಕಡೆ ರುಬ್ಬಿ, ನಸುಕಿನಲ್ಲೇ ವ್ಯಾನಿನಲ್ಲಿ ಹೋಗುತ್ತದೆ. ಕಾವಲಿ, ಒಲೆ, ತುಪ್ಪ, ಪಲ್ಯದ ಆಲೂಗಡ್ಡೆ ಯಾವುದರಲ್ಲೂ ವ್ಯತ್ಯಾಸವಿಲ್ಲ. ಹಾಗಾಗಿ ಮಾಲೀಕರು ಹುಡುಗರಿಗೆ ಮನಸ್ಸಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ಶಾಖೆಯ ಮ್ಯಾನೇಜರ್ ತಪ್ಪನ್ನೆಲ್ಲ ಮೊಬೈಲಿನ ತಲೆಗೆ ಕಟ್ಟಿದ್ದರು.

ಮನಸ್ಸಿಲ್ಲದವರು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಬಂದು ಒಲೆ ಹಚ್ಚುವುದಿಲ್ಲ. ಇನ್ನು ಮೊಬೈಲ್ ಕಾರಣವಾಗಿದ್ದರೆ, ಕೈ ಬಿಡುವಾಗಿ ಮೊಬೈಲ್ ಹೊರಬರುವ ಮಧ್ಯಾಹ್ನದ ದೋಸೆ ಕೆಡಬೇಕಿತ್ತು. ಬೆಳಗಿನ ಹೊತ್ತು ಕಾವಲಿಯ ಮುಂದಿರುವವನಿಗೆ ಮೂಗು ಒರೆಸಿಕೊಳ್ಳಲೂ ಪುರಸೊತ್ತಿರುವುದಿಲ್ಲ.

ಎರಡು ಕಾವಲಿಗಳು

ಬೆಂಗಳೂರಿನವರಿಗೆ ದರ್ಶಿನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ತೆರೆದ ‘ಕೆಫೆ ದರ್ಶಿನಿ’ಯಿಂದ ಆ ಹೆಸರು ಊರೆಲ್ಲ ಹಬ್ಬಿತು: ಗಲ್ಲಾದಲ್ಲಿ ಟೋಕನ್ ತೆಗೆದುಕೊಂಡು, ಕೌಂಟರಿನಲ್ಲಿ ಕೊಟ್ಟು, ತಟ್ಟೆ ಹಿಡಿದು ನಿಂತು ತಿನ್ನುವುದು. ಈ ಏರ್ಪಾಡಿನಲ್ಲಿ ಅಡುಗೆಯವನು ಗಿರಾಕಿಯ ಕಣ್ಣೆದುರಿಗೇ ಇರುತ್ತಾನೆ. ಹಳೆಯ ಹೋಟೆಲಿನಲ್ಲಿ ಕೆಟ್ಟ ದೋಸೆ ಒಳಮನೆಯಲ್ಲೇ ಮಾಯವಾಗುತ್ತಿತ್ತು. ಇಲ್ಲಿ ಅದು ಹತ್ತಾರು ಜನರ ಮುಂದೆ ಕೆಡುತ್ತದೆ. ಈ ಸಣ್ಣ ಸಂಗತಿಗೆ ಮುಂದೆ ತೂಕ ಬರುತ್ತದೆ.

ಭಾನುವಾರ ಬೆಳಿಗ್ಗೆ ಒಂದು ಕಾವಲಿಯ ಮೇಲೆ ಏನೇನು ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಒಂದು ಸಾಲು ದೋಸೆ ಹುಯ್ದಾಗ ಹಿಟ್ಟಿನ ನೀರು ಕಾವಲಿಯ ಕಾವನ್ನು ಹೀರುತ್ತದೆ. ದೋಸೆ ಎತ್ತಿದ ಕೂಡಲೇ ಕಾವು ಮತ್ತೆ ಏರುತ್ತದೆ, ಉರಿ ನೇರವಾಗಿ ತಾಗುವ ನಡುಭಾಗದಲ್ಲಿ ಬೇಗ, ಅಂಚಿನಲ್ಲಿ ನಿಧಾನ. ಕಾವು ಹೆಚ್ಚಾಗಿದ್ದರೆ ಹಿಟ್ಟು ಹರಡುವ ಮೊದಲೇ ಬೆಂದು ಸೌಟಿನ ಜೊತೆ ಸುರುಳಿ ಸುತ್ತಿಕೊಂಡು ಬರುತ್ತದೆ. ಕಡಿಮೆಯಾದರೆ ಅಂಟುತ್ತದೆ, ಬಣ್ಣವೂ ಏರುವುದಿಲ್ಲ. ಅದಕ್ಕೇ ಪ್ರತಿ ಸಾಲಿಗೂ ಮೊದಲು ನೀರು ಎರಚಿ ಕಡ್ಡಿಪೊರಕೆಯಿಂದ ಗುಡಿಸುತ್ತಾರೆ. ಆ ನೀರು ಕಾವಲಿಯನ್ನು ತಣಿಸುತ್ತದೆ, ಅದರ ಹದವನ್ನೂ ಹೇಳುತ್ತದೆ. ಹದವಾದ ಕಾವಿಗೆ ನೀರು ಚುರ್ರೆಂದು ಆರುತ್ತದೆ. ಕಾವು ಅತಿಯಾದರೆ ಹನಿಗಳು ಮಣಿಗಳಾಗಿ ಕಾವಲಿಯ ಮೇಲೆಲ್ಲ ಜಾರಾಡುತ್ತವೆ, ಬೇಗ ಆರುವುದೇ ಇಲ್ಲ. ಹನಿಯ ಅಡಿಯಲ್ಲಿ ಆವಿಯ ಪದರವೊಂದು ನಿಂತು ಅದನ್ನು ಎತ್ತಿಹಿಡಿಯುವುದೇ ಇದಕ್ಕೆ ಕಾರಣ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ 1756ರಲ್ಲೇ ಇದನ್ನು ವಿವರಿಸಿದ್ದ. ನಮ್ಮ ಭಟ್ಟರಿಗೆ ಆತನ ಹೆಸರು ಗೊತ್ತಿಲ್ಲ. ಆದರೆ ಹಿಂದೆ ತಿರುಗಿ ಪಲ್ಯದ ಪಾತ್ರೆ ಎತ್ತಿಕೊಳ್ಳುತ್ತಿರುವಾಗಲೂ ಬೆನ್ನ ಹಿಂದಿನ ಕಾವಲಿಯ ಸದ್ದು ಕೇಳಿ ಉರಿ ಇಳಿಸುತ್ತಾರೆ.

ಹಿಟ್ಟೂ ಬೆಳಗಿನಿಂದ ಒಂದೇ ಥರ ಇರುವುದಿಲ್ಲ. ಆರಕ್ಕೆ ಬಂದ ಹಿಟ್ಟು ಒಲೆಯ ಪಕ್ಕದಲ್ಲಿದ್ದು ಹತ್ತರ ಹೊತ್ತಿಗೆ ಇನ್ನಷ್ಟು ಹುಳಿಯಾಗಿ ಉಬ್ಬಿರುತ್ತದೆ. ಇದರ ಮೇಲೆ ಟೋಕನ್‌ಗಳ ಮೆರವಣಿಗೆ: ನಾಲ್ಕು ಮಸಾಲೆ, ಒಂದು ಸೆಟ್, ಎರಡು ಖಾಲಿ, ಒಂದಕ್ಕೆ ಈರುಳ್ಳಿ ಬೇಡ, ಮಗುವಿಗೆ ಮೆತ್ತಗಿರಲಿ, ಮೂರು ಪಾರ್ಸೆಲ್, ಹೆಲ್ಮೆಟ್ ತೆಗೆಯದೆ ನಿಂತ ಡೆಲಿವರಿ ಹುಡುಗ. ಮಧ್ಯಾಹ್ನ ಮೂರಕ್ಕೆ ಒಂದು ಟೋಕನ್ ಬರುತ್ತದೆ, ಕಾವಲಿ ಸಾವಕಾಶವಾಗಿ ಕಾದಿರುತ್ತದೆ, ದೋಸೆಯೂ ಒಂದೇ. ಎರಡಕ್ಕೂ ನಾವು ದೋಸೆ ಹುಯ್ಯುವುದು ಎನ್ನುತ್ತೇವೆ. ಕೈ ಮತ್ತು ಮನಸ್ಸಿನ ದೃಷ್ಟಿಯಿಂದ ಅವು ಎರಡು ಬೇರೆ ಕೆಲಸಗಳು.

ಗೋಡೆಯ ಮೇಲಿನ ಪಟ್ಟಿ

ಶಾಖೆಯ ಹುಡುಗರಿಗೆ ತರಬೇತಿ ಆಗಿರಲಿಲ್ಲ ಎಂದಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ತರುಣನೊಬ್ಬ ಭಟ್ಟರ ಕೈಯನ್ನು ವಿಡಿಯೊದಲ್ಲಿ ಹಿಡಿದು, ಅಳೆದು, ಎಣಿಸಿ, ಒಂದು ಪಟ್ಟಿ ಮಾಡಿಕೊಟ್ಟಿದ್ದ: ಕಾವಲಿಯ ಉಷ್ಣಾಂಶ ಇಷ್ಟು, ಸೌಟಿನಲ್ಲಿ ಹಿಟ್ಟು ಇಷ್ಟು, ಒಳಗಿನಿಂದ ಹೊರಕ್ಕೆ ಇಷ್ಟು ಸುತ್ತು, ಇಷ್ಟು ಸೆಕೆಂಡಿಗೆ ತುಪ್ಪ, ಇಷ್ಟಕ್ಕೆ ಕೆಂಪು ಚಟ್ನಿ. ಪ್ಲಾಸ್ಟಿಕ್ ಹೊದಿಸಿದ ಆ ಹಾಳೆ ಕಾವಲಿಯ ಎದುರಿನ ಗೋಡೆಯಲ್ಲಿ ತೂಗುತ್ತಿತ್ತು. ಹುಡುಗರು, ಒಬ್ಬ ರಾಯಚೂರಿನ ಕಡೆಯವನು, ಒಬ್ಬ ಒಡಿಶಾದವನು, ಇನ್ನಿಬ್ಬರು ಮಂಡ್ಯದ ಕಡೆಯವರು, ಆರು ವಾರ ಆ ಪಟ್ಟಿ ನೋಡಿ ಕಲಿತರು. ಕೊನೆಯಲ್ಲಿ ಖಾಲಿ ಅಡುಗೆಮನೆಯಲ್ಲಿ ಪರೀಕ್ಷೆ ನಡೆಯಿತು, ಎಲ್ಲರೂ ತೇರ್ಗಡೆಯಾದರು.

ಆ ಪಟ್ಟಿಯನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಶುಚಿತ್ವದ ಬಗ್ಗೆ, ಎಣ್ಣೆ ಬದಲಿಸುವ ಬಗ್ಗೆ ಅದರಲ್ಲಿದ್ದ ಸಾಲುಗಳು ಹಳೆಯ ಅಂಗಡಿಗೂ ಬೇಕಾಗಿದ್ದವು. ತೊಂದರೆ ಇದ್ದದ್ದು ಒಂದು ನಂಬಿಕೆಯಲ್ಲಿ: ನುರಿತ ಕೈಯ ಚಲನೆಯನ್ನು ಅಳೆದು ಬರೆದರೆ, ಬರೆದದ್ದನ್ನು ಹೊಸ ಕೈಗೆ ತುಂಬಬಹುದು ಎಂಬುದು.

ಈ ನಂಬಿಕೆಗೆ ನೂರು ವರ್ಷ ದಾಟಿದೆ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ತನ್ನ ‘ವೈಜ್ಞಾನಿಕ ನಿರ್ವಹಣೆ’ಯ ತತ್ತ್ವಗಳನ್ನು 1911ರಲ್ಲಿ ಪ್ರಕಟಿಸಿದ. ಅದನ್ನು ಮೆಚ್ಚಿದವರಲ್ಲಿ ಸೋವಿಯತ್ ರಷ್ಯಾದ ಅಲೆಕ್ಸಿ ಗಾಸ್ಟೆವ್ ಒಬ್ಬ. ಕವಿಯೂ ಆಗಿದ್ದ ಆತ ಮಾಸ್ಕೋದಲ್ಲಿ ಕಾರ್ಮಿಕ ಚಲನೆಗಳನ್ನು ಅಳೆದು ತಿದ್ದಲೆಂದೇ ಕೇಂದ್ರ ಶ್ರಮ ಸಂಸ್ಥೆ ಕಟ್ಟಿದ. 1920ರ ದಶಕದಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ಶರೀರವಿಜ್ಞಾನಿ ಉಳಿಗೆ ಸುತ್ತಿಗೆಯಿಂದ ಹೊಡೆಯುವ ಕುಶಲಕರ್ಮಿಗಳ ಕೈಗೆ ಪುಟ್ಟ ಬಲ್ಬುಗಳನ್ನು ಕಟ್ಟಿ, ಬೆಳಕಿನ ಗೆರೆಗಳನ್ನು ಫೋಟೊ ಹಿಡಿದ. ಸಿಗಬೇಕಾಗಿದ್ದದ್ದು ಹೊಡೆತದ ಒಂದು ಆದರ್ಶ ಗೆರೆ. ಸಿಕ್ಕಿದ್ದೇ ಬೇರೆ. ಸುತ್ತಿಗೆ ಬೀಳುವ ಜಾಗ ಪ್ರತಿಸಲವೂ ಹೆಚ್ಚುಕಡಿಮೆ ಅದೇ, ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಒಂದು ಹೊಡೆತದಲ್ಲಿ ನಡೆದ ದಾರಿ ಇನ್ನೊಂದರಲ್ಲಿಲ್ಲ. ಒಂದು ಕೀಲು ತುಸು ಹೆಚ್ಚು ಬಾಗಿದರೆ ಇನ್ನೊಂದು ಅದನ್ನು ಸರಿದೂಗಿಸುತ್ತಿತ್ತು. ಪಳಗಿದ ಕೈ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದಿಲ್ಲ; ಒಂದೇ ಸಮಸ್ಯೆಯನ್ನು ಪ್ರತಿಸಲ ಹೊಸದಾಗಿ ಬಿಡಿಸುತ್ತದೆ. ಇದನ್ನು ಆತ ‘ಪುನರಾವರ್ತನೆಯಿಲ್ಲದ ಪುನರಾವರ್ತನೆ’ ಎಂದು ಕರೆದ.

ಭಟ್ಟರ ವಿಡಿಯೊವನ್ನು ನಾನೂ ನೋಡಿದೆ. ಸುತ್ತುಗಳ ಎಣಿಕೆ ದೋಸೆಯಿಂದ ದೋಸೆಗೆ ಬೇರೆಯಾಗುತ್ತಿತ್ತು. ಕಾವಲಿಯ ಎಡ ಅಂಚಿನಲ್ಲಿ ಒತ್ತುವ ಸೌಟು ನಡುವಿಗೆ ಬಂದಾಗ ತೇಲುತ್ತಿತ್ತು. ತರುಣ ಅದರ ಸರಾಸರಿ ತೆಗೆದು ಪಟ್ಟಿಗೆ ಹಾಕಿದ್ದ. ಆ ಸರಾಸರಿ ದೋಸೆಯನ್ನು ಭಟ್ಟರು ಒಮ್ಮೆಯೂ ಹುಯ್ದಿರಲಿಕ್ಕಿಲ್ಲ.

ಭಟ್ಟರನ್ನೇ ಕೇಳಬಹುದಿತ್ತಲ್ಲ ಎಂದರೆ, ಕೇಳಿದ್ದಾಯಿತು. “ಅದೇನು ಹೇಳುವುದು? ಹಿಟ್ಟು ನೋಡಿದರೆ ಗೊತ್ತಾಗುತ್ತದೆ” ಎಂದರು. ಹುಯ್ಯುತ್ತಲೇ ವಿವರಿಸಿ ಎಂದು ಕೋರಿದೆ. ಎರಡನೆಯ ವಾಕ್ಯಕ್ಕೆ ದೋಸೆ ಸೊಟ್ಟಗಾಯಿತು. ಮೂರನೆಯದಕ್ಕೆ ಅವರು ಸೌಟು ಕೆಳಗಿಟ್ಟು, “ನೀವು ಆ ಕಡೆ ಹೋಗಿ ಕಾಫಿ ಕುಡಿಯಿರಿ” ಎಂದರು. ಅಲೆಕ್ಸಿ ಲಿಯೋಂಟಿಯೆವ್ ಎಂಬ ರಷ್ಯನ್ ಮನಶ್ಶಾಸ್ತ್ರಜ್ಞನ ಚಿಂತನೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಆತ ಮನುಷ್ಯ ವ್ಯಾಪಾರವನ್ನು ಮೂರು ಮಟ್ಟಗಳಲ್ಲಿ ನೋಡಿದ. ಮೇಲೆ ಚಟುವಟಿಕೆ, ಅದನ್ನು ನಡೆಸುವುದು ಪ್ರೇರಣೆ. ಅದರೊಳಗೆ ಬಿಡಿ ಕ್ರಿಯೆಗಳು. ಅವಕ್ಕೆ ತಿಳಿದಿಟ್ಟುಕೊಂಡ ಗುರಿ. ಅದರಡಿಯಲ್ಲಿ ಸನ್ನಿವೇಶಕ್ಕೆ ತಕ್ಕಂತೆ ತಾವಾಗಿಯೇ ನಡೆಯುವ ಕೈಗೆಲಸಗಳು. ಕಾರು ಕಲಿಯುವವನಿಗೆ ಗೇರ್ ಬದಲಿಸುವುದು ಗಮನವಿಟ್ಟು ಮಾಡಬೇಕಾದ ಕ್ರಿಯೆ. ಕಲಿತ ಮೇಲೆ ಅದು ಮೂರನೆಯ ಮಟ್ಟಕ್ಕೆ ಇಳಿದುಬಿಡುತ್ತದೆ. ಭಟ್ಟರ ಕೈಯಲ್ಲಿ ಯಾವತ್ತೋ ಇಳಿದುಹೋಗಿದ್ದನ್ನು ನಾನು ಮಾತಿನಿಂದ ಮೇಲಕ್ಕೆ ಎಳೆದೆ, ಅದು ಮುಗ್ಗರಿಸಿತು. ಶಾಖೆಯ ಹುಡುಗರಿಗಾದರೋ ಅದು ಇಳಿಯಲು ಅವಕಾಶವೇ ಸಿಕ್ಕಿರಲಿಲ್ಲ. ಜನ ಹೆಚ್ಚಾದಂತೆ ರಾಯಚೂರಿನ ಹುಡುಗನ ತುಟಿ ಅಲುಗಾಡುವುದನ್ನು ಕಂಡೆ. ಸುತ್ತು ಎಣಿಸುತ್ತಿದ್ದ.

ಒತ್ತಡ ಬಂದಾಗ ಇಂಥ ಕಲಿಕೆ ಏನಾಗುತ್ತದೆ ಎಂಬುದಕ್ಕೆ 1992ರಲ್ಲಿ ರಿಚರ್ಡ್ ಮಾಸ್ಟರ್ಸ್ ಮಾಡಿದ ಪ್ರಯೋಗವಿದೆ. ಗಾಲ್ಫ್ ಚೆಂಡನ್ನು ಕುಳಿಗೆ ತಳ್ಳುವುದನ್ನು ಒಂದು ಗುಂಪು ನಿಯಮಗಳನ್ನು ಓದಿ ಕಲಿಯಿತು. ಇನ್ನೊಂದು ಗುಂಪಿನವರು ಬಾಯಲ್ಲಿ ಗೊತ್ತುಗುರಿಯಿಲ್ಲದ ಅಕ್ಷರಗಳನ್ನು ಹೇಳುತ್ತಾ ಆಡಿದ್ದರಿಂದ ನಿಯಮ ಕಟ್ಟಿಕೊಳ್ಳಲು ತಲೆಗೆ ಬಿಡುವೇ ಇರಲಿಲ್ಲ. ಆಮೇಲೆ ಪರೀಕ್ಷಕರ ಕಣ್ಣು, ಹಣದ ಲೆಕ್ಕ ಇಟ್ಟು ಒತ್ತಡ ತಂದಾಗ ನಿಯಮದವರ ಸುಧಾರಣೆ ನಿಂತುಹೋಯಿತು, ಇವರದು ಮುಂದುವರಿಯಿತು. ಒಟ್ಟು ಗಳಿಕೆಯಲ್ಲಿ ಈ ಎರಡನೆಯವರು ಮುಂದಿದ್ದರು ಎಂದೇನಲ್ಲ ಎಂಬುದನ್ನೂ ಹೇಳಬೇಕು. ದೋಸೆ ಗಾಲ್ಫ್ ಅಲ್ಲ ಎಂಬುದನ್ನೂ. ಆದರೂ ಅಲುಗುವ ಆ ತುಟಿಗಳಿಗೆ ಇದಕ್ಕಿಂತ ಹತ್ತಿರದ ವಿವರಣೆ ನನಗೆ ಸಿಕ್ಕಿಲ್ಲ. ಕೌಂಟರಿನಾಚೆ ನಿಂತ ಹತ್ತಾರು ಕಣ್ಣುಗಳು ಒತ್ತಡದ ಪಾಲನ್ನು ಪೂರೈಸುತ್ತಿದ್ದವು.

ಮಧ್ಯಾಹ್ನದ ಆಟ

ಹಾಗಾದರೆ ಹಳೆಯ ಅಂಗಡಿಯ ಹುಡುಗರು ಕಲಿಯುವುದು ಹೇಗೆ? ಭಟ್ಟರ ನಂತರ ಅಲ್ಲಿ ಮೂವರು ಕಾವಲಿ ಹಿಡಿಯಬಲ್ಲರು. “ಯಾರು ಕಲಿಸಿದರು” ಎಂದರೆ ಮೂವರೂ “ಯಾರೂ ಇಲ್ಲ” ಎನ್ನುತ್ತಾರೆ. ಭಟ್ಟರೂ “ನಾನೇನೂ ಕಲಿಸಿಲ್ಲ” ಎನ್ನುತ್ತಾರೆ. ಈ ಉತ್ತರ ವಿನಯದ್ದಲ್ಲ, ಅಕ್ಷರಶಃ ನಿಜ.

ಅಲ್ಲಿನ ಕ್ರಮ ಇದು. ಹೊಸಬ ಮೊದಲು ಪಾರ್ಸೆಲ್ ಕಟ್ಟುತ್ತಾನೆ. ಸಿದ್ಧವಾದ ದೋಸೆ ಕೈಗೆ ಬರುತ್ತದೆ, ಯಾವುದು ಬೇಗ ಮೆತ್ತಗಾಗುತ್ತದೆ, ಯಾವುದು ಮಡಿಸಿದರೆ ಮುರಿಯುತ್ತದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಪಲ್ಯ ಇಡುವುದಕ್ಕೆ, ಆಮೇಲೆ ದೋಸೆ ಎಬ್ಬಿಸುವುದಕ್ಕೆ ಬಡ್ತಿ. ಎಬ್ಬಿಸುವಾಗ ಅಂಟಿದ ಜಾಗ ಕಂಡು ಕಾವಲಿಯ ಗುಣ ಗೊತ್ತಾಗುತ್ತದೆ. ನೀರು ಎರಚಿ ಗುಡಿಸುವುದು ಅದರ ನಂತರ. ಹಿಟ್ಟು ಹುಯ್ಯುವುದು ಎಲ್ಲಕ್ಕಿಂತ ಕೊನೆಗೆ. ಅಂದರೆ ದೋಸೆ ತಯಾರಾಗುವ ಕ್ರಮಕ್ಕೆ ಕಲಿಕೆಯ ಕ್ರಮ ತಲೆಕೆಳಗು. ಮಾನವಶಾಸ್ತ್ರಜ್ಞೆ ಜೀನ್ ಲೇವ್ ಪಶ್ಚಿಮ ಆಫ್ರಿಕಾದ ಲೈಬೀರಿಯಾದ ದರ್ಜಿಗಳಲ್ಲಿ ಇದೇ ಕ್ರಮವನ್ನು ಕಂಡಿದ್ದರು: ಅಲ್ಲಿನ ಶಿಷ್ಯರು ಗುಂಡಿ ಹಾಕುವುದು, ಅಂಚು ಹೊಲಿಯುವುದರಿಂದ ಆರಂಭಿಸಿ, ಹೊಲಿಗೆಗೆ ಬಂದು, ಬಟ್ಟೆ ಕತ್ತರಿಸುವುದನ್ನು ಕೊನೆಗೆ ಕಲಿಯುತ್ತಾರೆ. ಇದರಲ್ಲಿ ಎರಡು ಅನುಕೂಲ. ಹೊಸಬ ಕೆಡಿಸಿದರೆ ಆಗುವ ನಷ್ಟ ಚಿಕ್ಕದು. ಜೊತೆಗೆ, ಒಳ್ಳೆಯ ವಸ್ತು ಹೇಗಿರಬೇಕು ಎಂಬ ಅರಿವು ಮೊದಲೇ ಕೂಡಿರುತ್ತದೆ. ಶಾಖೆಯ ಪಟ್ಟಿ ಮೊದಲ ದಿನವೇ ಸೌಟು ಕೊಟ್ಟಿತ್ತು.

ಇದಕ್ಕಿಂತ ಹೆಚ್ಚಿನದು ಮಧ್ಯಾಹ್ನ ನಡೆಯುತ್ತದೆ. ಊಟದ ಗಲಾಟೆ ಮುಗಿದು ಸಂಜೆಯ ಕಾಫಿ ಶುರುವಾಗುವ ಮುನ್ನ ಒಂದು ಸುಸ್ತಿನ ವೇಳೆಯಿದೆ. ಬೆಳಗಿನ ಹಿಟ್ಟಿನ ತಳ, ಹುಳಿ ಏರಿ ಗಿರಾಕಿಗೆ ಹಾಕಲಾಗದ್ದು, ಪಾತ್ರೆಯಲ್ಲಿ ಉಳಿದಿರುತ್ತದೆ. ಭಟ್ಟರು ಅಕ್ಕಿಮೂಟೆಗೆ ಒರಗಿ ಪತ್ರಿಕೆ ಓದುತ್ತಾರೆ. ಹುಡುಗರು ಕಾವಲಿಯ ಮೇಲೆ ಆಟಕ್ಕಿಳಿಯುತ್ತಾರೆ. ಒಬ್ಬ ಕರ್ನಾಟಕದ ನಕ್ಷೆ ಹುಯ್ಯುತ್ತಾನೆ. ಬೀದರ್ ಯಾವಾಗಲೂ ಮುರಿದು ಬರುತ್ತದೆ. ಇನ್ನೊಬ್ಬ ಒಂದೇ ಸೌಟಿನಲ್ಲಿ ಕಾವಲಿಯ ಈ ತುದಿಯಿಂದ ಆ ತುದಿಗೆ ಎಳೆಯುವ ಪಂತ ಕಟ್ಟುತ್ತಾನೆ. ಎಡಗೈಯಲ್ಲಿ ಹುಯ್ಯುವುದು, ಉರಿ ಪೂರ್ತಿ ಏರಿಸಿ ಎಷ್ಟು ಹೊತ್ತು ತಡೆಯುತ್ತದೆ ನೋಡುವುದು, ನೀರಿನ ಮಣಿಗಳನ್ನು ಪೊರಕೆಯಿಂದ ಓಡಿಸುವುದು. ಕೆಟ್ಟದ್ದನ್ನು ಉಪ್ಪಿನಕಾಯಿ ಹಚ್ಚಿಕೊಂಡು ತಿಂದುಬಿಡುತ್ತಾರೆ. ಒಮ್ಮೆ ಭಟ್ಟರು ಪತ್ರಿಕೆಯಿಂದ ತಲೆ ಎತ್ತಿ, “ಮಾಣಿ, ನಿನ್ನ ಬಳ್ಳಾರಿ ಸೀದು ಹೋಗುತ್ತಿದೆ” ಎಂದದ್ದು ಬಿಟ್ಟರೆ ಅಲ್ಲಿ ಬೋಧನೆ ಎನ್ನಬಹುದಾದದ್ದು ನನ್ನ ಕಿವಿಗೆ ಬೀಳಲಿಲ್ಲ.

ಭಾನುವಾರದ ಒಂಬತ್ತು ಗಂಟೆಗೆ ಬೇಕಾದದ್ದೆಲ್ಲ ಈ ಪೋಲಿ ಆಟದಲ್ಲಿದೆ ಎಂಬುದು ನನ್ನ ಮುಖ್ಯ ವಾದ. ಅತಿ ಕಾವು, ಕಡಿಮೆ ಕಾವು, ಹುಳಿ ಹಿಟ್ಟು, ಅಂಚು, ನಡು, ಸೊಟ್ಟ ಆಕಾರ, ಅವಸರ: ಪಟ್ಟಿಯಲ್ಲಿ ಇವೆಲ್ಲ ತಪ್ಪುಗಳು, ಆಟದಲ್ಲಿ ಇವೇ ವಸ್ತು. ಹದ ತಪ್ಪಿದ ಕಾವಲಿಯ ಮೇಲೆ ಏನಾಗುತ್ತದೆ ಎಂಬುದನ್ನು ಹದ ತಪ್ಪಿಸಿ ನೋಡದೆ ಕಲಿಯಲು ಬರುವುದಿಲ್ಲ. ಚಲನೆಗಳ ಕಲಿಕೆಯ ಬಗ್ಗೆ 1979ರಲ್ಲಿ ಜಾನ್ ಶೀ ಮತ್ತು ರಾಬಿನ್ ಮಾರ್ಗನ್ ತೋರಿಸಿದ್ದೂ ಇದರ ಪಕ್ಕದ ಸಂಗತಿ: ಮೂರು ಬಗೆಯ ಕೈಚಲನೆಗಳನ್ನು ಒಂದೊಂದಾಗಿ ಮುಗಿಸಿ ಕಲಿತವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು, ಅದಲುಬದಲು ಮಾಡಿ ಕಲಿತವರು ಎಡವುತ್ತಿದ್ದರು; ನಂತರದ ಪರೀಕ್ಷೆಯಲ್ಲಿ ಎಡವಿದವರೇ ಮುಂದಾದರು. ಶಾಖೆಯ ಖಾಲಿ ಅಡುಗೆಮನೆಯ ಪರೀಕ್ಷೆ ಅಳೆದದ್ದು ಅಭ್ಯಾಸದ ಹೊತ್ತಿನ ಅಂದವನ್ನು.

ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಮಕ್ಕಳ ಆಟದ ಬಗ್ಗೆ 1933ರಲ್ಲಿ ನೀಡಿದ ಉಪನ್ಯಾಸದಲ್ಲಿ ಆಟವನ್ನು ನಿಯಮವಿಲ್ಲದ ಸ್ವೇಚ್ಛೆ ಎಂದು ಕಾಣಲಿಲ್ಲ. ಆಡುವ ಮಗು ತಾನೇ ಒಪ್ಪಿದ ನಿಯಮಕ್ಕೆ, ಅದರಲ್ಲೇ ಸಂತೋಷ ಪಟ್ಟು, ತಲೆಬಾಗುತ್ತದೆ ಎಂಬುದು ಅವನ ಮಾತಿನ ಸಾರ. ಇಪ್ಪತ್ತು ದಾಟಿದ ಈ ಹುಡುಗರು ಮಕ್ಕಳಲ್ಲ. ಆದರೂ ಬೀದರ್ ಮುರಿಯಬಾರದು ಎಂಬ ನಿಯಮವನ್ನು ಅವರು ಪಾಲಿಸುತ್ತಿದ್ದ ಶ್ರದ್ಧೆಯಲ್ಲಿ ಕಾಲು ಭಾಗವನ್ನೂ ಗೋಡೆಯ ಮೇಲಿನ ಯಾವ ಪಟ್ಟಿಯೂ ಪಡೆದಿರಲಿಲ್ಲ.

ನಷ್ಟದ ಪುಸ್ತಕ

ಶಾಖೆಯಲ್ಲಿ ಆ ಆಟ ಏಕಿರಲಿಲ್ಲ? ಅಲ್ಲಿಯೂ ಮಧ್ಯಾಹ್ನವಿದೆ, ಹಿಟ್ಟಿನ ತಳವಿದೆ. ಆದರೆ ಅಲ್ಲಿ ನಷ್ಟದ ಪುಸ್ತಕವೊಂದಿತ್ತು. ಕೆಟ್ಟ ಪ್ರತಿ ದೋಸೆಯನ್ನೂ ಕೆಡಿಸಿದವನ ಹೆಸರಿನೊಂದಿಗೆ ಅದರಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಅತಿ ಕಡಿಮೆ ನಷ್ಟ ಮಾಡಿದವನಿಗೆ ಬಹುಮಾನ. ಮ್ಯಾನೇಜರ್ ಇದನ್ನು ಹೆಮ್ಮೆಯಿಂದಲೇ ತೋರಿಸಿದರು. ಪುಸ್ತಕದ ಅಂಕಿಗಳು ತಿಂಗಳಿಂದ ತಿಂಗಳಿಗೆ ಇಳಿದಿದ್ದವು. ಗಿರಾಕಿಗಳ ದೂರು ಏರಿತ್ತು. ಈ ಎರಡನ್ನೂ ಒಟ್ಟಿಗೆ ಇಟ್ಟು ಯಾರೂ ನೋಡಿರಲಿಲ್ಲ.

ದೂರುಗಳಲ್ಲಿ ಬಹುಪಾಲು ಪಾರ್ಸೆಲ್‌ನಿಂದ ಬಂದಿದ್ದವು: ತಳ ಸೀದಿದೆ, ನಡುವೆ ತೂತು ಬಿದ್ದಿದೆ. ಪಾರ್ಸೆಲ್ ಕಟ್ಟಿದ್ದನ್ನು ಮನೆಗೆ ಹೋಗುವ ತನಕ ಯಾರೂ ಬಿಚ್ಚುವುದಿಲ್ಲ. ಉಳಿದದ್ದನ್ನು ಊಹಿಸುವುದು ಕಷ್ಟವಲ್ಲ. ತೂತಿನ ಮೇಲೆ ಪಲ್ಯ ಹೊದಿಸಿ ಮಡಿಸಿದರೆ ಪುಸ್ತಕದಲ್ಲಿ ಹೆಸರು ಬೀಳುವುದಿಲ್ಲ. ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಆಸ್ಪತ್ರೆಗಳ ಅಧ್ಯಯನದಲ್ಲಿ, ಒಳ್ಳೆಯ ಮುಖ್ಯಸ್ಥರಿದ್ದ ನರ್ಸ್‌ಗಳ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂಬುದಕ್ಕಿಂತ, ಮಾಡಿದ್ದನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಎಂಬುದು ಆಕೆಯ ವಿವರಣೆ. ನಮ್ಮ ಶಾಖೆಯಲ್ಲಿ ಖಾಲಿ ಪುಟಗಳೇ ರೋಗದ ಲಕ್ಷಣ.

ಪುಸ್ತಕ ಇನ್ನೂ ಒಂದು ಕೆಲಸ ಮಾಡಿತ್ತು. ಕಡಿಮೆ ನಷ್ಟಕ್ಕೆ ಅತಿ ಸುಲಭದ ದಾರಿ ಎಂದರೆ ಕಡಿಮೆ ಹುಯ್ಯುವುದು. ಕೈ ಸ್ವಲ್ಪ ಕುದುರಿದ್ದ ಇಬ್ಬರೇ ಯಾವಾಗಲೂ ಕಾವಲಿ ಹಿಡಿದರು. ಇನ್ನಿಬ್ಬರು ಚಟ್ನಿ, ಸಾಗು, ಪಾತ್ರೆ ಎಂದು ಕೆಲಸ ಹುಡುಕಿಕೊಂಡು ದೂರ ಸರಿದರು. ಭಾನುವಾರ ಎರಡನೆಯ ಕಾವಲಿ ಹಚ್ಚಲೇಬೇಕಾದಾಗ ಅದರ ಮುಂದೆ ನಿಲ್ಲುತ್ತಿದ್ದವರು ವಾರವಿಡೀ ಸೌಟು ಮುಟ್ಟದವರು.

ಬಹುಮಾನದ ಮಾತು ಬಂದಾಗಲೆಲ್ಲ 1973ರ ಒಂದು ಪ್ರಯೋಗ ನೆನಪಾಗುತ್ತದೆ. ಮಾರ್ಕ್ ಲೆಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ, ಚಿತ್ರ ಬಿಡಿಸುವುದು ಮೊದಲೇ ಇಷ್ಟವಿದ್ದ ಮಕ್ಕಳಲ್ಲಿ ಕೆಲವರಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಎಂದು ಮುಂಚಿತವಾಗಿ ಹೇಳಿದರು. ಒಂದೆರಡು ವಾರಗಳ ನಂತರ ನೋಡಿದರೆ, ಉಳಿದ ಮಕ್ಕಳು ಬಿಡುವಿನಲ್ಲಿ ಚಿತ್ರಕ್ಕೆ ಕೊಟ್ಟ ಹೊತ್ತಿನ ಸುಮಾರು ಅರ್ಧದಷ್ಟನ್ನು ಮಾತ್ರ ಇವರು ಕೊಟ್ಟಿದ್ದರು. ಈ ಪ್ರಯೋಗವನ್ನು ಎಲ್ಲ ಬಹುಮಾನಗಳ ವಿರುದ್ಧ ಬೀಸುವುದು ಇತ್ತೀಚೆಗೆ ಒಂದು ಚಾಳಿಯಾಗಿದೆ. ನಮ್ಮ ಪ್ರಕರಣಕ್ಕೆ ಅದು ಪೂರ್ತಿ ಹೊಂದುವುದಿಲ್ಲ. ಅಲ್ಲಿ ಬಹುಮಾನ ಸಿಕ್ಕಿದ್ದು ಮಾಡಿದ್ದಕ್ಕೆ, ಇಲ್ಲಿ ಕೆಡಿಸದೆ ಇದ್ದದ್ದಕ್ಕೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮತ್ತೆ ಲಿಯೋಂಟಿಯೆವ್. ಬೇಟೆಯಲ್ಲಿ ಪ್ರಾಣಿಯನ್ನು ಸೋವುವವನ ಉದಾಹರಣೆಯನ್ನು ಆತ ಕೊಡುತ್ತಾನೆ. ಅವನಿಗೆ ಬೇಕಾಗಿರುವುದು ಮಾಂಸ, ಆದರೆ ಅವನು ಮಾಡುವುದು ಪ್ರಾಣಿಯನ್ನು ತನ್ನಿಂದ ದೂರ ಓಡಿಸುವ ಕೆಲಸ. ಆಚೆ ಬದಿಯಲ್ಲಿ ಹೊಂಚಿ ಕುಳಿತವರಿದ್ದಾರೆ, ಬೇಟೆ ಎಲ್ಲರಿಗೂ ಹಂಚಿಕೆಯಾಗುತ್ತದೆ ಎಂಬ ತಿಳಿವಿನಿಂದ ಮಾತ್ರ ಆ ಓಡಿಸುವಿಕೆಗೆ ಅರ್ಥ. ಹಳೆಯ ಅಂಗಡಿಯಲ್ಲಿ ಪಾರ್ಸೆಲ್ ಕಟ್ಟುವವನಿಗೂ ತಾನು ಕಾವಲಿಯತ್ತ ಸಾಗುತ್ತಿದ್ದೇನೆ ಎಂದು ಗೊತ್ತಿತ್ತು. ಶಾಖೆಯಲ್ಲಿ ಆ ಕೊಂಡಿ ಕಡಿದು ಬೇರೆ ಕೊಂಡಿ ಬೆಸೆದಿತ್ತು. ಹೊರಗಿನಿಂದ ನೋಡುವವರಿಗೆ ಆ ಹುಡುಗರು ದೋಸೆ ಹುಯ್ಯುತ್ತಿದ್ದರು. ಅವರ ಮಟ್ಟಿಗೆ ನಡೆಯುತ್ತಿದ್ದ ಚಟುವಟಿಕೆ ಪುಸ್ತಕದಿಂದ ತಪ್ಪಿಸಿಕೊಳ್ಳುವುದು.

ಮಾಡಿದ್ದು, ಆದದ್ದು

ನಾನು ಸೂಚಿಸಿದ್ದು ಹೆಚ್ಚೇನಲ್ಲ. ನಷ್ಟದ ಪುಸ್ತಕದಲ್ಲಿ ಹಿಟ್ಟಿನ ಲೆಕ್ಕ ಇರಲಿ, ಹೆಸರು ಬೇಡ. ಬಹುಮಾನ ನಿಲ್ಲಲಿ. ಹೊಸಬರು ಪಾರ್ಸೆಲ್‌ನಿಂದ ಶುರುಮಾಡಿ ಹಿಂದಕ್ಕೆ ಬರಲಿ. ಮಧ್ಯಾಹ್ನದ ಹಿಟ್ಟಿನ ತಳ ಲೆಕ್ಕದಿಂದ ಹೊರಗಿರಲಿ, ಒಂದು ಕಾವಲಿ ಆ ಹೊತ್ತಿಗೆ ಹುಡುಗರದಾಗಲಿ. ಹಳೆಯ ಅಂಗಡಿಯ ಮೂವರಲ್ಲಿ ಒಬ್ಬ ಕೆಲವು ಕಾಲ ಶಾಖೆಯಲ್ಲಿರಲಿ, ಕಲಿಸಲು ಅಲ್ಲ, ಅಲ್ಲಿ ಕೆಲಸ ಮಾಡಲು.

ಮಾಲೀಕರು ಉದ್ದಿನ ಬೆಲೆ ಹೇಳಿದರು. ಅದು ನಿಜವಾದ ಆಕ್ಷೇಪ. ಇಷ್ಟು ಬಾಡಿಗೆ ಕಟ್ಟುವವರಿಗೆ ಪ್ರತಿ ಸೌಟೂ ಲೆಕ್ಕವೇ. ಹೇಗಿದ್ದರೂ ಸುರಿಯುವ ಹಿಟ್ಟು ಅದು ಎಂದು ತೋರಿಸಿದ ಮೇಲೆ ಒಪ್ಪಿದರು. ಗ್ಯಾಸಿನ ಖರ್ಚಿಗೆ ಮಾತ್ರ ಗೊಣಗಿದರು.

ಮೊದಲ ಕೆಲವು ದಿನ ಹುಡುಗರು ಕಾವಲಿಯ ಹತ್ತಿರವೇ ಸುಳಿಯಲಿಲ್ಲ. ಇದರಲ್ಲಿ ಏನೋ ಪರೀಕ್ಷೆಯಿದೆ ಎಂದುಕೊಂಡಿದ್ದರು. ಹಳೆಯ ಅಂಗಡಿಯಿಂದ ಬಂದವನು ಒಂದು ಮಧ್ಯಾಹ್ನ ತನ್ನಷ್ಟಕ್ಕೆ ನಕ್ಷೆ ಹುಯ್ಯಲು ನಿಂತ, ಒಡಿಶಾದ ಹುಡುಗ ಪಕ್ಕದಲ್ಲಿ ತನ್ನ ರಾಜ್ಯದ್ದು ಹುಯ್ದ, ಅಲ್ಲಿಂದ ಹತ್ತಿಕೊಂಡಿತು. ಆಮೇಲೆ ಮ್ಯಾನೇಜರ್‌ಗೆ ಉತ್ಸಾಹ ಬಂದುಬಿಟ್ಟಿತು. ಆಟಕ್ಕೆ ಸಮಯ ಗೊತ್ತುಮಾಡಿ, ಎಲ್ಲರೂ ಭಾಗವಹಿಸಬೇಕೆಂದು ಫಲಕ ಬರೆದು, ನಕ್ಷೆಗೆ ಹತ್ತರಲ್ಲಿ ಅಂಕ ಕೊಡಲು ಶುರುಮಾಡಿದರು. ಹುಡುಗರು ಅಂಕ ಬರುವಂಥ ಸುಲಭದ ದುಂಡು ದೋಸೆ ಹುಯ್ದು ಕೈತೊಳೆದುಕೊಂಡರು. ಒಂದೇ ವಾರದಲ್ಲಿ ಆಟ ಸತ್ತುಹೋಯಿತು. ನಿಷೇಧಿಸಿದ್ದರೆ ಅದು ಕದ್ದುಮುಚ್ಚಿ ಬದುಕುತ್ತಿತ್ತೇನೋ. ಪ್ರೋತ್ಸಾಹ ಅದನ್ನು ಮುಗಿಸಿತು. ಕೊನೆಗೆ ಮ್ಯಾನೇಜರ್ ಊಟಕ್ಕೆ ಮನೆಗೆ ಹೋಗಿಬರುವ ಏರ್ಪಾಡು ಮಾಡಲಾಯಿತು. ಅವರ ಮನೆಯವರಿಗೂ ಇದರಿಂದ ಸಂತೋಷವಾಯಿತೆಂದು ಕೇಳಿದ್ದೇನೆ. ಆಟ ಮತ್ತೆ ಕಣ್ಣು ತೆರೆಯಿತು.

ಹೆಸರು ತೆಗೆದ ಮೇಲೆ ಪುಸ್ತಕದ ಅಂಕಿಗಳು ಮೊದಲ ತಿಂಗಳು ಏರಿದವು, ಪಾರ್ಸೆಲ್ ದೂರುಗಳು ಇಳಿದವು. ಏರಿದ ಅಂಕಿ ಕಂಡು ಮಾಲೀಕರು ಗಾಬರಿಯಿಂದ ಫೋನ್ ಮಾಡಿದ್ದರು. ಭಾನುವಾರದ ಎರಡನೆಯ ಕಾವಲಿ ನಿಧಾನವಾಗಿ ಸುಧಾರಿಸಿತು. ರಾಯಚೂರಿನ ಹುಡುಗ ಈಗ ಎಣಿಸುವುದಿಲ್ಲ. ಗಿರಾಕಿಗಳ ಮಾತಿಗೆ ಕಿವಿಗೊಟ್ಟು ನಗುತ್ತಲೇ ಹುಯ್ಯುತ್ತಾನೆ. ಎಲ್ಲವನ್ನೂ ಆಟದ ಖಾತೆಗೆ ಹಾಕಲು ನಾನು ಸಿದ್ಧನಿಲ್ಲ. ನಾವು ಶುರುಮಾಡಿದ್ದು ಡಿಸೆಂಬರಿನ ಚಳಿಯಲ್ಲಿ, ಹಿಟ್ಟು ಸರಿಯಾಗಿ ಹುಳಿಯೇರದ ಕಾಲ. ಸುಧಾರಣೆ ಕಂಡದ್ದು ಫೆಬ್ರವರಿ, ಮಾರ್ಚ್‌ನಲ್ಲಿ, ಬೆಂಗಳೂರಿನ ಬೆಚ್ಚನೆಯ ರಾತ್ರಿಗಳು ಹಿಟ್ಟಿಗೆ ನೆರವಾಗುವ ಹೊತ್ತಿನಲ್ಲಿ. ಜೊತೆಗೆ, ನಾಲ್ವರಲ್ಲಿ ಒಬ್ಬ ಬಿಟ್ಟುಹೋದ. ಮನೆಮನೆಗೆ ಆಹಾರ ತಲುಪಿಸುವ ಕೆಲಸದಲ್ಲಿ ಕೈಗೆ ಹೆಚ್ಚು ದುಡ್ಡು ಸಿಗುತ್ತದೆ ಎಂದ. ನಕ್ಷೆಯಲ್ಲಿ ಅವನೇ ಎಲ್ಲರಿಗಿಂತ ಜಾಣ. ಆಟ ಕೆಲಸವನ್ನು ಕಲಿಸಬಲ್ಲದು, ಸಂಬಳದ ಜಾಗದಲ್ಲಿ ನಿಲ್ಲಲಾರದು. ವರದಿಯಲ್ಲಿ ಈ ಸಾಲಿನ ಕೆಳಗೆ ಮಾಲೀಕರು ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದರು. ಭಟ್ಟರು ಇಡೀ ವರದಿ ಓದಿಸಿ ಕೇಳಿ, “ಇಷ್ಟೊಂದು ಬರೆಯುವುದಕ್ಕೆ ಏನಿತ್ತು?” ಎಂದರಂತೆ.

ಈಗ ಮೂರನೆಯ ಶಾಖೆಯ ಮಾತು ನಡೆದಿದೆ. ಮಾಲೀಕರು ಮಧ್ಯಾಹ್ನದ ಆಟಕ್ಕೂ ಒಂದು ಪಟ್ಟಿ ಬರೆದುಕೊಡಿ ಎಂದು ಕೇಳಿದರು. ಬರೆಯುವುದಿಲ್ಲ ಎಂದೆ. ಬದಲಿಗೆ, ಆ ಹಿಟ್ಟು ಮತ್ತು ಗ್ಯಾಸನ್ನು ಮೊದಲ ವರ್ಷ ‘ನಷ್ಟ’ದ ಕೆಳಗೆ ತೋರಿಸದೆ ‘ತರಬೇತಿ’ಯ ಕೆಳಗೆ ತೋರಿಸಿ, ಹಳೆಯ ಎರಡೂ ಅಂಗಡಿಗಳಿಂದ ಒಬ್ಬೊಬ್ಬನನ್ನು ಅಲ್ಲಿಗೆ ಕಳಿಸಿ ಎಂದು ಹೇಳಿದ್ದೇನೆ. ಕಳಿಸುವುದಕ್ಕೆ ಒಪ್ಪಿದ್ದಾರೆ. ತಲೆಬರಹದ ವಿಷಯದಲ್ಲಿ ಅವರ ಲೆಕ್ಕಿಗರು ರಸೀದಿ ಕೇಳುತ್ತಿದ್ದಾರೆ.